ಎಣ್ಣೆ ಕೂದಲಿಗೆ ಸರಿ, ಬುಡಕ್ಕೆ ಯಾಕೆ?

ತಲೆಗೆ ಎಣ್ಣೆ ಹಚ್ಚಿದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ, ತಲೆ ಅಂದರೆ ಯಾವುದು ಎಂದು ತಿರುಗಿ ಕೇಳಬೇಕಾಗುತ್ತದೆ. ಕೂದಲೋ, ಅದರಡಿಯ ಚರ್ಮವೋ? ಮಾತಿನಲ್ಲಿ ಎರಡೂ ತಲೆಯೇ. ಎಣ್ಣೆ ಬಾಟಲಿ ಮಾತ್ರ ತಪ್ಪದೆ ನೆತ್ತಿಯ ಮೇಲೇ ಬಗ್ಗುತ್ತದೆ. ಎಣ್ಣೆಯಿಂದ ಆಗುವ ಉಪಕಾರ ಬಹುಪಾಲು ಕೂದಲಿನ ಎಳೆಗೆ, ಆಗುವ ತೊಂದರೆ ಬಹುಪಾಲು ಚರ್ಮಕ್ಕೆ. ಇದೊಂದನ್ನು ಬೇರೆ ಬೇರೆ ಮಾಡಿ ನೋಡಿದರೆ ಉಳಿದ ಗೊಂದಲ ಅರ್ಧ ಇಳಿಯುತ್ತದೆ.

ಮೊದಲು ಎಳೆಯ ವಿಷಯ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ರಕ್ತವಿಲ್ಲ, ನರವಿಲ್ಲ. ಆದ್ದರಿಂದ ಅದಕ್ಕೆ 'ಪೋಷಣೆ' ಕೊಡುತ್ತೇವೆ ಅನ್ನುವುದು ಉಗುರಿಗೆ ಊಟ ಮಾಡಿಸಿದ ಹಾಗೆ. ಆದರೆ ಜೀವವಿಲ್ಲದ ವಸ್ತುವನ್ನೂ ಸವೆಯದಂತೆ ನೋಡಿಕೊಳ್ಳಬಹುದು, ಅದು ಬೇರೆ ಮಾತು. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. 40 ಸೆಂ.ಮೀ. ಉದ್ದದ ಕೂದಲಿನ ತುದಿಗೆ ಮೂರು ವರ್ಷ ದಾಟಿರುತ್ತದೆ. ವಾರಕ್ಕೆ ಎರಡು ಸಲ ತಲೆಸ್ನಾನ ಎಂದಿಟ್ಟುಕೊಂಡರೂ ಆ ತುದಿ ಮುನ್ನೂರಕ್ಕೂ ಹೆಚ್ಚು ಸಲ ನೆನೆದು ಒಣಗಿದೆ. ಬುಡದ ಕೂದಲು ನುಣ್ಣಗಿದ್ದು ತುದಿ ಮಾತ್ರ ಪೊರಕೆಕಡ್ಡಿಯಂತಾಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಒಂದು ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊರಗಡೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತ ತೆಳು ಚಕ್ಕೆಗಳು ಕಾಣುತ್ತವೆ. ಎಲ್ಲದರ ಅಂಚೂ ತುದಿಯ ಕಡೆಗೆ. ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಬುಡದಿಂದ ತುದಿಗೆ ಎಳೆದು, ಆಮೇಲೆ ತುದಿಯಿಂದ ಬುಡಕ್ಕೆ ಎಳೆದು ನೋಡಿ, ಎರಡನೆಯ ಸಲ ಬೆರಳಿಗೆ ತಡೆ ಸಿಗುತ್ತದೆ. ಸಿಕ್ಕುವುದು ಆ ಚಕ್ಕೆಗಳ ಅಂಚೇ. ಇಂಥ ಚಕ್ಕೆಯ ಪದರಗಳು 5ರಿಂದ 10 ಇರುತ್ತವೆ, ಅವುಗಳೊಳಗೆ ಕೂದಲಿಗೆ ಬಲ ಕೊಡುವ ಕೆರಾಟಿನ್ ಎಂಬ ಪ್ರೋಟೀನಿನ ತಿರುಳು. ಎಲ್ಲಕ್ಕಿಂತ ಹೊರಗೆ ಹುಟ್ಟಿನಿಂದಲೇ ಬಂದ ಒಂದು ಕೊಬ್ಬಿನ ಲೇಪ. ನೀರು ಇದರ ಮೇಲೆ ಜಾರುತ್ತದೆ. ಬ್ಲೀಚ್ ಮಾಡಿದಾಗ ಕಿತ್ತುಹೋಗುವುದು ಈ ಲೇಪ. ಒಮ್ಮೆ ಹೋದರೆ ಆ ಎಳೆಗೆ ಅದು ಮತ್ತೆ ಬರುವುದಿಲ್ಲ. ಬಣ್ಣ ಬಿಡಿಸಿದ ಕೂದಲು ನೀರನ್ನು ಸ್ಪಂಜಿನಂತೆ ಹೀರುವುದೂ, ಒಣಗಲು ಹೊತ್ತು ಹಿಡಿಯುವುದೂ ಇದರಿಂದ.

ಇಲ್ಲಿ ಕೂದಲಿನ ದೊಡ್ಡ ಶತ್ರು ನೀರು ಎಂದರೆ ಕೆಲವರಿಗೆ ಅಚ್ಚರಿಯಾದೀತು. ನೆನೆದ ಕೂದಲಿನ ದಪ್ಪ ಸುಮಾರು 15% ಹೆಚ್ಚಾಗುತ್ತದೆ, ಒಣಗಿದಾಗ ಮತ್ತೆ ಕುಗ್ಗುತ್ತದೆ. ಒಳಗಿನ ತಿರುಳು ಉಬ್ಬಿದಾಗ ಮೇಲಿನ ಚಕ್ಕೆಗಳ ಅಂಚು ಎದ್ದು ನಿಲ್ಲುತ್ತದೆ. ಆ ಹೊತ್ತಿಗೆ ಬಾಚಣಿಗೆ ಹಾಕಿದರೆ, ಟವೆಲ್ಲಿನಿಂದ ಗಸಗಸ ಉಜ್ಜಿದರೆ ಚಕ್ಕೆ ಮುರಿದು ಉದುರುತ್ತದೆ. ಪ್ರೋಟೀನೂ ಸ್ವಲ್ಪ ಸ್ವಲ್ಪವಾಗಿ ತೊಳೆದು ಹೋಗುತ್ತದೆ. ಪ್ರತಿ ಸ್ನಾನಕ್ಕೆ ಇದು ಎಳ್ಳಷ್ಟು. ಮುನ್ನೂರು ಸ್ನಾನಕ್ಕೆ ತುದಿ ಸೀಳುವಷ್ಟು.

ಎಣ್ಣೆಗೆ ನಿಜವಾದ ಕೆಲಸವಿರುವುದು ಈ ಜಾಗದಲ್ಲಿ. ಕೂದಲೊಳಗೆ ಮೊದಲೇ ಎಣ್ಣೆ ಸೇರಿಕೊಂಡಿದ್ದರೆ ನೀರು ನುಗ್ಗುವುದು ನಿಧಾನವಾಗುತ್ತದೆ, ಉಬ್ಬುವುದು ಕಡಿಮೆಯಾಗುತ್ತದೆ. ಆದರೆ ಎಲ್ಲ ಎಣ್ಣೆಯೂ ಒಳಗೆ ಹೋಗುವುದಿಲ್ಲ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಪೆಟ್ರೋಲಿಯಂನಿಂದ ತೆಗೆಯುವ ಮಿನರಲ್ ಎಣ್ಣೆ ಮೂರನ್ನೂ ಹಚ್ಚಿ ಕೂದಲಿನಿಂದ ಎಷ್ಟು ಪ್ರೋಟೀನ್ ಹೋಗುತ್ತದೆ ಎಂದು ಅಳೆದರು. ನಷ್ಟವನ್ನು ಎದ್ದು ಕಾಣುವಷ್ಟು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಒಂದೇ. ಅದರ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ. ಅದರ ಅಣು ಸಣ್ಣದು, ಸರಪಳಿ ನೇರ, ಪ್ರೋಟೀನಿನ ಜೊತೆ ಒಗ್ಗುವ ಗುಣ ಬೇರೆ. ಸಂದಿಯಲ್ಲಿ ನುಸುಳಿಕೊಳ್ಳುತ್ತದೆ. ಸೂರ್ಯಕಾಂತಿ ಎಣ್ಣೆಯ ಅಣು ದೊಡ್ಡದು, ನಡುವೆ ಬಾಗಿದೆ. ಮಿನರಲ್ ಎಣ್ಣೆಗೆ ಪ್ರೋಟೀನಿನ ಗೊಡವೆಯೇ ಇಲ್ಲ, ಮೇಲೇ ಕೂರುತ್ತದೆ.

ಹಾಗೆಂದು ಮೇಲೆ ಕೂರುವ ಎಣ್ಣೆ ದಂಡವಲ್ಲ. ಎಳೆಗೆ ಎಳೆ ತಿಕ್ಕುವುದನ್ನು ತಪ್ಪಿಸುತ್ತದೆ, ಹೊಳಪು ಕೊಡುತ್ತದೆ, ಸಿಕ್ಕು ಬಿಡಿಸುವುದು ಸುಲಭ. ಬಾದಾಮಿ, ಆರ್ಗನ್, ಜೊಜೊಬಾ ಎಣ್ಣೆಗಳನ್ನು ತಲೆಸ್ನಾನದ ನಂತರ ತುದಿಗೆ ಸವರಲು ಇಟ್ಟುಕೊಳ್ಳುವುದು ಜಾಣತನ. ಸ್ನಾನಕ್ಕೆ ಮೊದಲು ಕೊಬ್ಬರಿ, ಆಮೇಲೆ ಇವು.

ಇನ್ನೊಂದು ತಪ್ಪು ತಿಳಿವಳಿಕೆ: ಎಣ್ಣೆ ಒಣಗಿದ ಕೂದಲಿಗೆ ತೇವ ಕೊಡುತ್ತದೆ ಎನ್ನುವುದು. ಎಣ್ಣೆಯಲ್ಲಿ ಒಂದು ಹನಿ ನೀರೂ ಇಲ್ಲ, ಕೊಡಲು ಅದರ ಹತ್ತಿರ ತೇವವೇ ಇಲ್ಲ. ಇರುವ ತೇವ ಬೇಗ ಆರಿಹೋಗದಂತೆ ತಡೆಯುತ್ತದೆ, ಒರಟುತನವನ್ನು ಮುಚ್ಚುತ್ತದೆ, ಅಷ್ಟೆ.

ಹಚ್ಚುವುದು ಹೇಗೆ, ಎಷ್ಟು

ಭುಜದವರೆಗಿನ ಸಾಧಾರಣ ದಪ್ಪದ ಕೂದಲಿಗೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ಸಾಕು. ಸೊಂಟದವರೆಗೆ ಇದ್ದರೆ ಎರಡು ಚಮಚ. ಗಿಡ್ಡ ಕೂದಲಿಗೆ 2 ಮಿ.ಲೀ. ಕೂದಲು ತೀರಾ ತೆಳುವಾಗಿದ್ದರೆ ಇದರಲ್ಲೂ ಅರ್ಧ. ಕೈಯಿಂದ ಸೋರುವಷ್ಟು ಹುಯ್ದುಕೊಂಡರೆ ಹೆಚ್ಚು ಫಲ ಎಂಬುದೇನೂ ಇಲ್ಲ, ಕೂದಲು ಹಿಡಿಯುವಷ್ಟು ಹಿಡಿಯುತ್ತದೆ. ಉಳಿದದ್ದನ್ನು ತೊಳೆಯಲು ಶಾಂಪೂ ಎರಡು ಪಟ್ಟು ಬೇಕು, ಎಣ್ಣೆ ಉಳಿಸಿದ್ದನ್ನು ಆ ಶಾಂಪೂ ತೆಗೆದುಕೊಂಡು ಹೋಗುತ್ತದೆ.

ಕೂದಲು ಒಣಗಿರಬೇಕು. ಒದ್ದೆ ಕೂದಲಲ್ಲಿ ಎಣ್ಣೆ ಸೇರಬೇಕಾದ ಜಾಗವನ್ನು ನೀರು ಆಗಲೇ ತುಂಬಿರುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಆಗ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಟ್ಟರೆ ಆಯಿತು, ಒಲೆಯ ಮೇಲೆ ಕಾಯಿಸುವುದು ಬೇಡ. ಕೈಗೆ ಉಗುರುಬೆಚ್ಚಗೆ ಅನಿಸಿದರೆ ಸಾಕು. ಮೊದಲು ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕು ಬಿಡಿಸಿ, ಆಮೇಲೆ ಸ್ವಲ್ಪ ಮೇಲೆ, ಆಮೇಲೆ ಇನ್ನೂ ಮೇಲೆ. ಬೈತಲೆ ತೆಗೆದು ಎರಡು ಭಾಗ ಮಾಡಿ, ದಟ್ಟವಾಗಿದ್ದರೆ ನಾಲ್ಕು. ಎಣ್ಣೆಯನ್ನು ಅಂಗೈಗೆ ಹಾಕಿ ಎರಡೂ ಕೈಗೆ ಸವರಿಕೊಂಡು ತುದಿಯಿಂದ ಶುರುಮಾಡಿ ಕಿವಿಯ ಮಟ್ಟಕ್ಕೆ ಬಂದು ನಿಲ್ಲಿಸಿ. ಕೈಯಲ್ಲಿ ಉಳಿದ ಜಿಡ್ಡು ಮೇಲಿನ ಕೂದಲಿಗೆ. ಬುಡಕ್ಕೆ ಬೇಕೇಬೇಕು ಅನ್ನುವವರು ಮುಂದಿನದನ್ನು ಓದಿ ತೀರ್ಮಾನಿಸಲಿ.

ಎಷ್ಟು ಹೊತ್ತು? ಕನಿಷ್ಠ ಅರ್ಧ ಗಂಟೆ. ತಲೆಹೊಟ್ಟಿನ ತೊಂದರೆ ಇಲ್ಲದವರು ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬಹುದು, ಒಳಗೆ ಸೇರಲು ಸಮಯ ಸಿಗುತ್ತದೆ. ಎರಡು ಮೂರು ದಿನ ಹಾಗೇ ಬಿಟ್ಟರೆ ಕೂದಲಿಗೆ ಹೊಸದಾಗಿ ಸಿಗುವುದು ಧೂಳು ಮಾತ್ರ. ಎಣ್ಣೆ ಹಚ್ಚಿದ ತಕ್ಷಣ ಬಿಗಿಯಾಗಿ ಜಡೆ ಹಾಕುವುದೂ ಬೇಡ. ದಿನವೂ ಬುಡವನ್ನು ಜಗ್ಗಿದರೆ ಹಣೆಯಂಚಿನಲ್ಲೂ ಕಿವಿಯ ಮೇಲೂ ಕೂದಲು ತೆಳುವಾಗುತ್ತದೆ. ವರ್ಷಗಟ್ಟಲೆ ಹಾಗೇ ಮಾಡಿದರೆ ಅಲ್ಲಿ ಮತ್ತೆ ಬರುವುದೂ ಇಲ್ಲ. ಇಸ್ತ್ರಿ ಮಾಡುವಂಥ ಬಿಸಿ ಉಪಕರಣವನ್ನಂತೂ ಎಣ್ಣೆ ಕೂದಲಿನ ಹತ್ತಿರ ತರಲೇಬೇಡಿ. ಅವು 180 ಡಿಗ್ರಿ ದಾಟುತ್ತವೆ, ಹೊಗೆ ಬರುವುದು ಎಣ್ಣೆಯಿಂದಲೋ ಕೂದಲಿನಿಂದಲೋ ಎಂದು ನೋಡುತ್ತಾ ನಿಲ್ಲುವ ಕೆಲಸವಲ್ಲ ಅದು.

ತೊಳೆಯುವಾಗ ಮೊದಲ ಸಲ ನೊರೆ ಬರುವುದಿಲ್ಲ. ಎಣ್ಣೆ ನೊರೆಯನ್ನು ಕೊಲ್ಲುತ್ತದೆ. ನೊರೆ ಬರಲಿಲ್ಲ ಎಂದು ಶಾಂಪೂ ಸುರಿಯುತ್ತಾ ಹೋಗುವುದು ಸಾಮಾನ್ಯ ತಪ್ಪು. ಉಗುರುಬೆಚ್ಚಗಿನ ನೀರಲ್ಲಿ ಚೆನ್ನಾಗಿ ನೆನೆಸಿ, ಒಂದು ಟೀ ಚಮಚದಷ್ಟು ಶಾಂಪೂವನ್ನು ಅಷ್ಟೇ ನೀರಲ್ಲಿ ಕಲಸಿ ಬುಡಕ್ಕೆ ಹಾಕಿ ಬೆರಳ ತುದಿಯಿಂದ ಉಜ್ಜಿ ತೊಳೆಯಿರಿ. ಎರಡನೆಯ ಸಲ ಅರ್ಧ ಚಮಚ ಹಾಕಿದರೆ ನೊರೆ ತಾನಾಗಿ ಏಳುತ್ತದೆ. ಉದ್ದ ಕೂದಲನ್ನು ಉಜ್ಜಬೇಡಿ, ಇಳಿಯುವ ನೊರೆಯೇ ಅದಕ್ಕೆ ಸಾಕು. ಮೂರನೆಯ ಸಲ ಬೇಕಾಯಿತು ಎಂದರೆ ಮುಂದಿನ ವಾರ ಎಣ್ಣೆ ಕಡಿಮೆ ಮಾಡಿ. ಒಂದು ಉಪಾಯ: ಎಣ್ಣೆ ಹಚ್ಚಿದ ಉದ್ದ ಕೂದಲಿಗೆ ಶಾಂಪೂಗಿಂತ ಮೊದಲೇ ಸ್ವಲ್ಪ ಕಂಡಿಷನರ್ ಸವರಿ ಎರಡು ನಿಮಿಷ ಬಿಟ್ಟರೆ ಎಣ್ಣೆ ಹಾಲಿನಂತೆ ಒಡೆದು ನೀರಿಗೆ ಬಿಟ್ಟುಕೊಡುತ್ತದೆ. ಶಾಂಪೂವಿನ ಕೆಲಸ ಹಗುರವಾಗುತ್ತದೆ.

ಸ್ನಾನವಾಗಿ ಮುಕ್ಕಾಲು ಒಣಗಿದ ಮೇಲೆ ತುದಿಗೆ ಎರಡೋ ಮೂರೋ ಹನಿ. ಚಮಚವಲ್ಲ, ಹನಿ.

ಬುಡದ ಕಥೆ ಬೇರೆ

ನೆತ್ತಿಯ ಚರ್ಮ ತಾನೇ ಎಣ್ಣೆ ತಯಾರಿಸುತ್ತದೆ. ಪ್ರತಿ ಕೂದಲ ಬುಡಕ್ಕೂ ಅಂಟಿಕೊಂಡು ಜಿಡ್ಡಿನ ಗ್ರಂಥಿ ಇದೆ. ಆ ಜಿಡ್ಡನ್ನು ನಂಬಿ ಬದುಕುವ ಒಂದು ಬಗೆಯ ಶಿಲೀಂಧ್ರವೂ ಎಲ್ಲರ ತಲೆಯ ಮೇಲೂ ಇದೆ, ಹೆಸರು ಮಲಸೇಜಿಯಾ. ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ಮಾಡಿಕೊಳ್ಳುವ ಶಕ್ತಿ ಇದಕ್ಕಿಲ್ಲ, ಹೊರಗಿನಿಂದಲೇ ಸಿಗಬೇಕು. ಹಾಗಾಗಿ ಕಿಣ್ವ ಬಿಟ್ಟು ಎಣ್ಣೆಯನ್ನು ಒಡೆಯುತ್ತದೆ, ತನಗೆ ರುಚಿಸಿದ ಸ್ಯಾಚುರೇಟೆಡ್ ಕೊಬ್ಬನ್ನು ತಿನ್ನುತ್ತದೆ, ಓಲಿಯಿಕ್ ಆಮ್ಲದಂಥ ಉಳಿಕೆಯನ್ನು ಚರ್ಮದ ಮೇಲೆ ಬಿಡುತ್ತದೆ. ಆ ಉಳಿಕೆ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಚರ್ಮ ಕೆರಳಿ ಬೇಗ ಬೇಗ ಪದರ ಕಳಚುತ್ತದೆ. ಅದೇ ತಲೆಹೊಟ್ಟು.

ಹೊಟ್ಟು ಎಂದರೆ ತಲೆ ಒಣಗಿದೆ ಎಂದು ತಿಳಿದು ಎಣ್ಣೆ ಹಚ್ಚಿದಾಗ ಏನಾಗುತ್ತದೆ ನೋಡಿ. ಉದುರುತ್ತಿದ್ದ ಬಿಳಿ ಪುಡಿ ಎಣ್ಣೆಯಲ್ಲಿ ನೆನೆದು ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಪಾರದರ್ಶಕವಾಗಿ ಕಣ್ಣಿಗೆ ಕಾಣದಾಗುತ್ತದೆ. ತುರಿಕೆಯೂ ಒಂದು ದಿನ ತಣ್ಣಗಾಗುತ್ತದೆ. ವಾಸಿಯಾಯಿತು ಅನ್ನುವ ಭಾವನೆ. ಎರಡು ಮೂರು ದಿನಕ್ಕೆ ಹೊಟ್ಟು ಇನ್ನಷ್ಟು ದಪ್ಪ ಚಕ್ಕೆಯಾಗಿ ಏಳುತ್ತದೆ, ಆಗ ಇನ್ನಷ್ಟು ಎಣ್ಣೆ. ಊಟ ಹಾಕಿದ್ದು ಶಿಲೀಂಧ್ರಕ್ಕೆ, ಹೆಸರು ಔಷಧ. ಇದರಲ್ಲಿ ಆಲಿವ್ ಎಣ್ಣೆ ಎಲ್ಲಕ್ಕಿಂತ ಕೆಟ್ಟ ಆಯ್ಕೆ ಎಂಬುದು ನನ್ನ ಅಭಿಪ್ರಾಯ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಓಲಿಯಿಕ್ ಆಮ್ಲವೇ. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲವೂ ಮಲಸೇಜಿಯಾ ಬಳಸಬಲ್ಲ ಕೊಬ್ಬೇ.

ಒಣ ಚರ್ಮವೋ ಹೊಟ್ಟೋ ತಿಳಿಯಲು ಬೆರಳ ಉಗುರಿನಿಂದ ಮೆಲ್ಲಗೆ ಒಂದು ಚಕ್ಕೆ ಎತ್ತಿ ನೋಡಬಹುದು. ಸಣ್ಣ, ಬಿಳಿ, ಮುಟ್ಟಿದರೆ ಪುಡಿಯಾಗುವಂಥದ್ದು, ಜೊತೆಗೆ ಕೈಕಾಲಿನ ಚರ್ಮವೂ ಒಣಗಿದ್ದರೆ ಅದು ಒಣತನ ಇರಬಹುದು. ಹಳದಿ ಛಾಯೆ, ಬೆರಳಿಗೆ ಜಿಡ್ಡು ಅಂಟುವಂಥದ್ದು, ಹುಬ್ಬಿನಲ್ಲಿ, ಮೂಗಿನ ಪಕ್ಕದ ಗೆರೆಯಲ್ಲಿ, ಕಿವಿಯ ಹಿಂದೆಯೂ ಕೆಂಪಗೆ ಇದ್ದರೆ ಹೊಟ್ಟಿನ ಬಳಗ. ಎರಡನೆಯದಾದರೆ ಬುಡಕ್ಕೆ ಎಣ್ಣೆ ನಿಲ್ಲಿಸಿ. ಕೀಟೋಕೊನಜೋಲ್, ಜಿಂಕ್ ಪೈರಿಥಿಯೋನ್, ಸೆಲೆನಿಯಂ ಸಲ್ಫೈಡ್ ಈ ಮೂರರಲ್ಲಿ ಒಂದಿರುವ ಶಾಂಪೂವನ್ನು ವಾರಕ್ಕೆ ಎರಡು ಸಲ, ನಾಲ್ಕು ವಾರ. ಕೂದಲಿಗಲ್ಲದೆ ಚರ್ಮಕ್ಕೆ ತಾಗುವಂತೆ ಹಚ್ಚಿ 3ರಿಂದ 5 ನಿಮಿಷ ಬಿಡಬೇಕು. ಹಚ್ಚಿದ ತಕ್ಷಣ ತೊಳೆದುಬಿಟ್ಟು 'ಕೆಲಸ ಮಾಡಲಿಲ್ಲ' ಅನ್ನುವವರೇ ಜಾಸ್ತಿ. ಇದರಿಂದ ಕೂದಲಿನ ಉದ್ದ ಒರಟಾದರೆ ಕಿವಿಯ ಕೆಳಗೆ ಮಾತ್ರ ಎಣ್ಣೆ ಹಚ್ಚಿಕೊಳ್ಳಲು ಅಡ್ಡಿಯಿಲ್ಲ. ನಾಲ್ಕು ವಾರಕ್ಕೂ ಬಗ್ಗದಿದ್ದರೆ ಚರ್ಮದ ವೈದ್ಯರಿಗೆ ತೋರಿಸಬೇಕು. ಸೋರಿಯಾಸಿಸ್ ಎಂಬ ಚರ್ಮರೋಗದ ದಪ್ಪ ಚಕ್ಕೆಯನ್ನು ಮೆದು ಮಾಡಲು ವೈದ್ಯರೇ ಎಣ್ಣೆ ಹಚ್ಚಲು ಹೇಳುವುದುಂಟು. ಅದು ಔಷಧ ಒಳಗೆ ಇಳಿಯಲು ದಾರಿ ಮಾಡುವ ಕ್ರಮ, ಅದನ್ನೇ ಹೊಟ್ಟಿಗೆ ಅನ್ವಯಿಸಬಾರದು.

ಹಣೆಯ ಮೇಲ್ತುದಿಯಲ್ಲಿ ಸಾಲಾಗಿ ಸಣ್ಣ ಗುಳ್ಳೆ ಏಳುವವರು ಮುಖಕ್ಕೆ ಹಚ್ಚುವ ಕ್ರೀಮನ್ನು ಬೈಯುವ ಮೊದಲು ತಲೆಯ ಎಣ್ಣೆಯನ್ನೂ, ದಿಂಬಿನ ಕವರನ್ನೂ ನೋಡಲಿ.

ಉದುರುವುದು, ಬೆಳೆಯುವುದು

ಎಣ್ಣೆ ಹಚ್ಚಿದ ದಿನವೇ ಕೈತುಂಬ ಕೂದಲು ಬರುತ್ತದೆ ಎಂಬ ದೂರು ಬಹಳ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬುಡ ಬಿಟ್ಟ ಕೂದಲು ತಕ್ಷಣ ಕೆಳಗೆ ಬೀಳುವುದಿಲ್ಲ, ಉಳಿದ ಕೂದಲಿನ ನಡುವೆ ಸಿಕ್ಕಿಕೊಂಡಿರುತ್ತದೆ. ನಾಲ್ಕು ದಿನ ಸರಿಯಾಗಿ ಬಾಚದೆ ಐದನೆಯ ದಿನ ತಿಕ್ಕಿದರೆ ನಾಲ್ಕು ದಿನದ ಲೆಕ್ಕ ಒಟ್ಟಿಗೆ ಕೈಗೆ ಬರುತ್ತದೆ. ಎಣ್ಣೆ ಅದನ್ನು ಉದುರಿಸಿಲ್ಲ, ತೋರಿಸಿದೆ.

ಇದರ ಇನ್ನೊಂದು ಮುಖವೂ ಇದೆ. ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ ಇವಾದ ಎರಡು ಮೂರು ತಿಂಗಳಿಗೆ ಕೂದಲು ಗೊಂಚಲು ಗೊಂಚಲಾಗಿ ಉದುರಲು ಶುರುವಾಗುತ್ತದೆ. ಹೆಚ್ಚಿನವರಿಗೆ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ, ಹೊಸ ಕೂದಲು ಬರುತ್ತದೆ. ಗಾಬರಿಯಲ್ಲಿ ಒಂದಾದ ಮೇಲೊಂದು ಎಣ್ಣೆ ಬದಲಿಸುತ್ತಿರುವಾಗ, ನಿಲ್ಲುವ ಹೊತ್ತಿಗೆ ಕೈಯಲ್ಲಿ ಯಾವ ಬಾಟಲಿ ಇರುತ್ತದೋ ಅದಕ್ಕೆ ಹೆಸರು. 'ಈ ಎಣ್ಣೆಯಿಂದ ನಿಂತಿತು' ಎಂಬ ಪ್ರಾಮಾಣಿಕ ಸಾಕ್ಷ್ಯಗಳಲ್ಲಿ ಎಷ್ಟೋ ಹೀಗೆ ಹುಟ್ಟಿದವು.

ಕೂದಲು ಹುಟ್ಟುವ ಜಾಗ ಚರ್ಮದೊಳಗೆ ಕೆಲವು ಮಿಲಿಮೀಟರ್ ಆಳದಲ್ಲಿದೆ. ವಂಶದಿಂದ ಬರುವ ಬೊಕ್ಕತಲೆ ಹಾರ್ಮೋನಿನ ಕೆಲಸ, ಅದನ್ನು ಅಡುಗೆಯ ಎಣ್ಣೆಯೋ ಬಾದಾಮಿ ಎಣ್ಣೆಯೋ ತಡೆಯುವುದಿಲ್ಲ. ರೋಸ್‌ಮರಿ ಎಣ್ಣೆಯ ಬಗ್ಗೆ ಮಾತ್ರ ಒಂದು ಪ್ರಯೋಗ ಹೆಚ್ಚು ಸದ್ದು ಮಾಡಿತು. 2015ರಲ್ಲಿ ಪ್ರಕಟವಾದ ಅದರಲ್ಲಿ 100 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ರೋಸ್‌ಮರಿ, ಇನ್ನೊಂದಕ್ಕೆ ಕೂದಲು ಬೆಳೆಯಲು ಹಚ್ಚುವ ಔಷಧವಾದ ಮಿನೊಕ್ಸಿಡಿಲ್ (2%) ಕೊಟ್ಟು ಆರು ತಿಂಗಳು ನೋಡಿದರು. ಎರಡರ ಫಲಿತಾಂಶವೂ ಹೆಚ್ಚುಕಡಿಮೆ ಒಂದೇ. ಆದರೆ ಏನೂ ಹಚ್ಚದ ಮೂರನೆಯ ಗುಂಪು ಇರಲಿಲ್ಲ, ಹೋಲಿಸಿದ್ದೂ ಕಡಿಮೆ ಸಾಂದ್ರತೆಯ ಔಷಧದ ಜೊತೆ. ಇದನ್ನು ನೆಚ್ಚಿಕೊಂಡು ಔಷಧ ಬಿಡುವುದು ದುಡುಕು. ಪ್ರಯತ್ನಿಸುವವರು ಈ ಸುಗಂಧ ತೈಲಗಳನ್ನು ಹಾಗೇ ಹಚ್ಚಬಾರದು, ಚರ್ಮ ಸುಡುತ್ತದೆ. 10 ಮಿ.ಲೀ. ಬೇರೆ ಎಣ್ಣೆಗೆ 2 ಹನಿ ಹಾಕಿದರೆ ಸುಮಾರು 1% ಆಗುತ್ತದೆ, ಅಷ್ಟೇ ಇರಲಿ. ಈ ಮಿಶ್ರಣವನ್ನು ಮೊಣಕೈಯ ಒಳಮಡಿಕೆಗೆ ಒಂದು ಹನಿ ಹಚ್ಚಿ 48 ಗಂಟೆ ಕಾದು, ಕೆಂಪಾಗದಿದ್ದರೆ ತಲೆಗೆ. ಸಾಸಿವೆ ಎಣ್ಣೆಗೂ ಇದೇ ಪರೀಕ್ಷೆ ಬೇಕು, ಅದರ ಘಾಟು ಕೊಡುವ ಅಂಶವೇ ಚರ್ಮವನ್ನು ಕೆರಳಿಸುವುದು.

ಹರಳೆಣ್ಣೆಗೆ ಒಂದು ಎಚ್ಚರಿಕೆ. ಅದು ಜೇನಿನಷ್ಟು ಮಂದ. ಉದ್ದ ಕೂದಲಿಗೆ ಹರಳೆಣ್ಣೆ ಹಚ್ಚಿ ತೊಳೆದಾಗ ಕೂದಲು ಇದ್ದಕ್ಕಿದ್ದಂತೆ ಹಕ್ಕಿಗೂಡಿನಂತೆ ಗಂಟಾಗಿ, ಕತ್ತರಿಸದೆ ಬೇರೆ ದಾರಿಯೇ ಇಲ್ಲದಂತಾದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಅಪರೂಪ, ಆದರೆ ಆಗುತ್ತದೆ. ಬಳಸುವುದಾದರೆ ಒಂದು ಪಾಲಿಗೆ ಮೂರು ಪಾಲು ತೆಳು ಎಣ್ಣೆ ಬೆರೆಸಿ, ಕೂದಲನ್ನು ಇಳಿಬಿಟ್ಟು, ಮೇಲಿನಿಂದ ಕೆಳಕ್ಕೆ ಮಾತ್ರ ಸವರಿ.

ಅಂಗಡಿಯ 'ಹೇರ್ ಆಯಿಲ್' ಕೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಪಟ್ಟಿಯಲ್ಲಿ ಮೊದಲು ಬರೆದಿರುವುದೇ ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚಿರುವುದು. ಮುಂದೆ ಬಾದಾಮಿ ಇದ್ದು, ಹಿಂದೆ ಲಿಕ್ವಿಡ್ ಪ್ಯಾರಾಫಿನ್ ಮೊದಲಿದ್ದರೆ ಅದು ಮಿನರಲ್ ಎಣ್ಣೆ. ವಿಷವೇನಲ್ಲ, ಜಾರುವ ಕೆಲಸ ಚೆನ್ನಾಗಿಯೇ ಮಾಡುತ್ತದೆ, ಶಿಲೀಂಧ್ರಕ್ಕೆ ಆಹಾರವೂ ಆಗುವುದಿಲ್ಲ. ಕೊಟ್ಟ ದುಡ್ಡು ಬಾದಾಮಿಯದ್ದು ಎಂಬುದಷ್ಟೇ ತಕರಾರು. ಮನೆಯಲ್ಲಿ ಸೊಪ್ಪು, ಹೂವು ಹಾಕಿ ಕಾಯಿಸುವವರು ಚಟಪಟ ಸದ್ದು ಪೂರ್ತಿ ನಿಲ್ಲುವವರೆಗೂ ಕಾಯಿಸಬೇಕು. ನೀರಿನಂಶ ಉಳಿದರೆ ತಳದಲ್ಲಿ ಬೂಸಲು ಹಿಡಿಯುತ್ತದೆ. ಅಗಸೆ, ಸೂರ್ಯಕಾಂತಿ ಎಣ್ಣೆಗಳು ಬೆಳಕಿಗೂ ಗಾಳಿಗೂ ಬೇಗ ಕೆಡುತ್ತವೆ, ಕಮಟು ವಾಸನೆ ಬಂದದ್ದನ್ನು ತಲೆಗೂ ಹಚ್ಚಬೇಡಿ.

ನಿಮ್ಮ ಕೂದಲಿಗೆ ಎಣ್ಣೆ ಒಗ್ಗುತ್ತದೆಯೇ ಎಂದು ನೋಡಲು ಬೈತಲೆಯ ಎಡಕ್ಕೆ ಮಾತ್ರ ಆರು ವಾರ ಸ್ನಾನಕ್ಕೆ ಮೊದಲು ಹಚ್ಚಿ, ಬಲಕ್ಕೆ ಬೇಡ. ಉಳಿದದ್ದೆಲ್ಲ ಎರಡೂ ಕಡೆಗೆ ಒಂದೇ ಇರಲಿ. ವಾರಕ್ಕೊಮ್ಮೆ ಬಿಳಿ ಬಟ್ಟೆಯ ಮೇಲೆ ಒಂದೊಂದು ಪಕ್ಕವನ್ನೇ ಬಾಚಿ ಬಿದ್ದ ಕೂದಲನ್ನು ಎರಡು ಗುಂಪು ಮಾಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇರುವ ಪೂರ್ತಿ ಉದ್ದದ ಕೂದಲು ಬುಡದಿಂದ ಉದುರಿದ್ದು, ಅದರ ಎಣಿಕೆ ಎಡ ಬಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಗುಂಡಿಲ್ಲದ ತುಂಡುಗಳು ನಡುವೆ ಮುರಿದವು. ಎಡಗಡೆ ಕಡಿಮೆಯಾಗಬೇಕಾದದ್ದು ಈ ತುಂಡುಗಳು.